ಕಂಡದ್ದು, ಕೇಳಿದ್ದು, ಶಂಕಿಸಿದ್ದು

ವರ್ಷದ ಕೊನೆಯ ರಾತ್ರಿ ಆ ವರ್ಷದ ನನ್ನ ತಪ್ಪುಗಳನ್ನು ಡೈರಿಯ ಕೊನೆಯ ಹಾಳೆಯಲ್ಲಿ ಬರೆದಿಡುವುದು ನನ್ನ ಹಳೆಯ ಅಭ್ಯಾಸ. ಈ ಸಲ ಐದು ವರ್ಷಗಳ ಡೈರಿಗಳನ್ನು ಒಟ್ಟಿಗೆ ತೆರೆದಿಟ್ಟುಕೊಂಡೆ. ಐದರಲ್ಲೂ ಹೆಚ್ಚು ಕಡಿಮೆ ಒಂದೇ ಪಟ್ಟಿ: ಬೇಗ ಏಳಲಿಲ್ಲ, ಓದು ಸಾಲಲಿಲ್ಲ, ಹಣ ಉಳಿಯಲಿಲ್ಲ. ಇಂಥವರ ಮನಸ್ಸು ನೋಯಿಸಿದೆ ಎಂಬ ಸಾಲು ಒಂದರಲ್ಲೂ ಇರಲಿಲ್ಲ. ಐದು ವರ್ಷ ಯಾರನ್ನೂ ನೋಯಿಸದೆ ಬದುಕಿದವಳು ನಾನಲ್ಲ. ನನ್ನನ್ನು ನಾನೇ ಕೇಳಿಕೊಳ್ಳುತ್ತಾ ಬಂದದ್ದರಿಂದ, ನನಗೆ ಅನುಕೂಲವಾದ ಉತ್ತರವಷ್ಟೇ ಸಿಕ್ಕಿತ್ತು.

ಸನ್ಯಾಸಿಯಾದವನು ಮತ್ತೆ ಮತ್ತೆ ಮನಸ್ಸಿಗೆ ತಂದುಕೊಳ್ಳಬೇಕಾದ ಹತ್ತು ಸಂಗತಿಗಳು ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿವೆ. ‘ಹಗಲು ರಾತ್ರಿಗಳು ಉರುಳುತ್ತಿವೆ, ನಾನು ಏನಾಗುತ್ತಿದ್ದೇನೆ?’ ಎಂಬುದು ಅವುಗಳಲ್ಲಿ ಒಂದು. ಹೊಸ ವರ್ಷಕ್ಕೆ ಇದಕ್ಕಿಂತ ಒಪ್ಪುವ ಪ್ರಶ್ನೆ ನನಗೆ ತಿಳಿದಿಲ್ಲ. ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ಪ್ರಶ್ನೆಯೂ ಇದೆ: ನನ್ನ ಜೊತೆಗಿರುವ ವಿವೇಕಿಗಳು ನನ್ನ ನಡತೆಯಲ್ಲಿ ದೋಷ ಕಾಣುತ್ತಿದ್ದಾರೆಯೇ? ಇದನ್ನು ನಾನು ಎಷ್ಟೋ ಸಲ ಓದಿದ್ದೆ, ಓದಿ ದಾಟಿ ಹೋಗಿದ್ದೆ.

ಭಿಕ್ಷುಗಳ ನಡವಳಿಕೆಯ ನಿಯಮಗಳನ್ನು ಹೇಳುವ ವಿನಯ ಪಿಟಕದ ಮಹಾವಗ್ಗ ಎಂಬ ಭಾಗದಲ್ಲಿ ಒಂದು ಪ್ರಸಂಗವಿದೆ. ಕೋಸಲದಲ್ಲಿ ಕೆಲವು ಭಿಕ್ಷುಗಳು ಮಳೆಗಾಲದ ವಾಸಕ್ಕೆ ಒಂದೆಡೆ ನೆಲೆಸಿದರು. ಜಗಳವೇ ಬೇಡವೆಂದು, ಪರಸ್ಪರ ಮಾತನಾಡುವುದನ್ನೇ ಬಿಟ್ಟರು. ಭಿಕ್ಷೆ ಮುಗಿಸಿ ಮೊದಲು ಬಂದವನು ಆಸನ ಹಾಸಿ ನೀರು ತಂದಿಡುತ್ತಿದ್ದ. ಕೊನೆಗೆ ಬಂದವನು ಎಲ್ಲವನ್ನೂ ಎತ್ತಿಟ್ಟು ಗುಡಿಸುತ್ತಿದ್ದ. ನೀರಿನ ಕೊಡ ಭಾರವಾದರೆ ಕೈಸನ್ನೆಯಿಂದಲೇ ಇನ್ನೊಬ್ಬನನ್ನು ಕರೆಯುತ್ತಿದ್ದ. ಮೂರು ತಿಂಗಳು ಹೀಗೆ ಕಳೆದು, ಶ್ರಾವಸ್ತಿಗೆ ಬಂದು, ಸುಖವಾಗಿದ್ದೆವು ಎಂದು ಬುದ್ಧನಿಗೆ ಹೇಳಿದರು. ಬುದ್ಧ ಮೆಚ್ಚಲಿಲ್ಲ. ಪಶುಗಳಂತೆ, ಕುರಿಗಳಂತೆ ಕೂಡಿ ಬಾಳಿ, ಸುಖವಾಗಿದ್ದೆವು ಎನ್ನುತ್ತಾರಲ್ಲ ಎಂದು ಗದರಿದ. ಮೌನವ್ರತವನ್ನು ನಿಷೇಧಿಸಿ, ಮಳೆಗಾಲದ ಕೊನೆಗೆ ‘ಪವಾರಣೆ’ ನಡೆಯಬೇಕೆಂದು ವಿಧಿಸಿದ.

ಪವಾರಣೆ ಎಂದರೆ ಆಹ್ವಾನ. ಹಿರಿಯ ಭಿಕ್ಷುವೇ ಮೊದಲು ಕುಕ್ಕರಗಾಲಿನಲ್ಲಿ ಕುಳಿತು, ಕೈಮುಗಿದು ಸಂಘವನ್ನು ಕೇಳಿಕೊಳ್ಳುತ್ತಾನೆ: ನನ್ನಲ್ಲಿ ನೀವು ಕಂಡದ್ದು, ಕೇಳಿದ್ದು, ಶಂಕಿಸಿದ್ದು ಏನಾದರೂ ಇದ್ದರೆ ಕರುಣೆಯಿಟ್ಟು ಹೇಳಿ, ನನಗೆ ಕಂಡರೆ ತಿದ್ದಿಕೊಳ್ಳುತ್ತೇನೆ. ಹೀಗೆ ಮೂರು ಸಲ. ಶಂಕೆಗೂ ಅಲ್ಲಿ ಜಾಗವಿರುವುದು ನನ್ನನ್ನು ಬಹಳ ಕಾಡುತ್ತದೆ. ಕಣ್ಣಾರೆ ಕಂಡದ್ದನ್ನಷ್ಟೇ ಹೇಳಿ ಎನ್ನುವಂತಿಲ್ಲ. ಸ್ವತಃ ಬುದ್ಧನೂ ಒಂದು ಪವಾರಣೆಯ ರಾತ್ರಿ, ನನ್ನ ನಡೆ ನುಡಿಯಲ್ಲಿ ಆಕ್ಷೇಪಿಸುವಂಥದ್ದು ಏನಾದರೂ ಇದೆಯೇ ಎಂದು ಶಿಷ್ಯರನ್ನು ಕೇಳಿದ್ದು ಇನ್ನೊಂದು ಉಪದೇಶ ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿದೆ.

ಒಳ್ಳೆಯ ಗೆಳೆತನ ಈ ದಾರಿಯ ಅರ್ಧಭಾಗವಲ್ಲ, ಪೂರ್ತಿ ದಾರಿಯೇ ಅದು ಎಂದು ಬುದ್ಧ ತನ್ನ ಶಿಷ್ಯ ಆನಂದನಿಗೆ ಹೇಳಿದ ಮಾತನ್ನು ನಾವೆಲ್ಲ ಸಂತೋಷದಿಂದ ಹಂಚಿಕೊಳ್ಳುತ್ತೇವೆ. ಆ ಗೆಳೆತನದೊಳಗೆ ಇಂಥದ್ದೊಂದು ಕೋರಿಕೆಯೂ ಇತ್ತು ಎಂಬುದು ಮರೆತುಹೋಗುತ್ತದೆ. ವರ್ಷಕ್ಕೊಂದು ಶುಭಾಶಯ, ನಡುವೆ ಒಂದೆರಡು ಚಿತ್ರ, ಎಲ್ಲೂ ಒಂದು ಬಿರುಸು ಮಾತಿಲ್ಲ. ನನ್ನ ಎಷ್ಟೋ ಸ್ನೇಹಗಳು ಆ ಮೌನದ ಭಿಕ್ಷುಗಳ ಹಾಗೆಯೇ ಸುಖವಾಗಿವೆ.

ಡೈರಿ ಮುಚ್ಚಿಟ್ಟು, ಇಪ್ಪತ್ತು ವರ್ಷಗಳ ಗೆಳತಿಗೆ ಆ ಮೂರು ಪದಗಳನ್ನೇ ಬರೆದು ಕಳಿಸಿದೆ. ಕಂಡದ್ದು, ಕೇಳಿದ್ದು, ಶಂಕಿಸಿದ್ದು, ಏನಿದ್ದರೂ ಹೇಳು. ಓದಿದಳೆಂದು ಮೊಬೈಲ್ ತೋರಿಸಿತು, ಉತ್ತರ ಮಾತ್ರ ಬರಲಿಲ್ಲ. ಮರುದಿನ ಮಧ್ಯಾಹ್ನ ಬಂತು.

“ಅಮ್ಮ ತೀರಿಕೊಂಡ ಮೇಲೆ ನೀನು ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದೆ. ಪ್ರತಿ ಸಲವೂ ಮಾತು ನಿನ್ನ ಕಚೇರಿಯ ತಾಪತ್ರಯಕ್ಕೆ ಹೊರಳುತ್ತಿತ್ತು. ಅಮ್ಮನ ಬಗ್ಗೆ ನೀನು ಏನನ್ನೂ ಕೇಳಲಿಲ್ಲ. ಕೇಳುತ್ತೀಯೆಂದು ಕಾಯುತ್ತಿದ್ದೆ.”

ಆಗ ಅವಳ ಮನಸ್ಸನ್ನು ಬೇರೆಡೆಗೆ ಸೆಳೆಯಲೆಂದೇ ಹಾಗೆ ಮಾತನಾಡಿದೆ ಎಂದು ಬರೆಯತೊಡಗಿದೆ. ಎರಡು ಸಾಲು ಬರೆದು ಅಳಿಸಿದೆ. ಅದು ನಿಜವೂ ಆಗಿರಲಿಲ್ಲ.

ಫೋನ್ ಮಾಡಿ, ಅಮ್ಮನ ಬಗ್ಗೆ ಹೇಳು ಎಂದೆ. ಸ್ವಲ್ಪ ಹೊತ್ತು ಅವಳು ಮಾತನಾಡಲಿಲ್ಲ. ಆಮೇಲೆ ಅಮ್ಮನ ಕನ್ನಡಕದ ಮಾತು ತೆಗೆದಳು. ಅದರ ಒಂದು ಕಾಲಿಗೆ ದಾರ ಸುತ್ತಿತ್ತಂತೆ, ಹೊಸದು ಕೊಡಿಸುತ್ತೇನೆಂದರೂ ಅಮ್ಮ ಬೇಡವೆನ್ನುತ್ತಿದ್ದರಂತೆ. ಈಗಲೂ ಅದು ಕಿಟಕಿಯ ಪಕ್ಕದಲ್ಲೇ ಇದೆಯಂತೆ. ನಾನು ಕೇಳುತ್ತಾ ಕುಳಿತೆ.