ಟಿ.ವಿ.ಯ ಬೆನ್ನಿನಲ್ಲಿ ಕಿಂಡಿಯಿದೆ, ಹೇಳುವವರಿಲ್ಲ

ನನ್ನ ರಕ್ತದೊತ್ತಡದ ವಿಷಯ ಗೊತ್ತಿದ್ದೂ ಮನೆಯವರು ನನ್ನನ್ನು ಎಲೆಕ್ಟ್ರಾನಿಕ್ಸ್ ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ. ಇವತ್ತು ಬೆಳಿಗ್ಗೆ ಸೋದರತ್ತೆಗೆ ಹೊಸ ಟಿ.ವಿ. ಕೊಡಿಸಲು ಸಾಗರದ ಪೇಟೆಗೆ ಹೋಗಿದ್ದೆವು. ಅಂಗಡಿಯ ಹುಡುಗ ಬಣ್ಣ, ಧ್ವನಿ, ಕಂತು, ವಾರಂಟಿ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ತಿಂಗಳು ತಿಂಗಳು ದುಡ್ಡು ಕಟ್ಟದೆ ಇದರಲ್ಲಿ ಏನಾದರೂ ಬರುತ್ತದೆಯೇ?" ಹುಡುಗ ನಕ್ಕ. "ಅಜ್ಜಿ, ಈಗ ಯಾವುದೂ ಪುಕ್ಕಟೆ ಬರುವುದಿಲ್ಲ" ಎಂದ.

ಅವನು ಹಾಗೆನ್ನುವಾಗ ನಾನು ಅದೇ ಟಿ.ವಿ.ಯ ಬೆನ್ನು ನೋಡುತ್ತಾ ನಿಂತಿದ್ದೆ. ತಿರುಪು ಸುತ್ತಿದ ಲೋಹದ ಕಿಂಡಿ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಸ್ಯಾಟಲೈಟ್'. ಎಂದರೆ ಉಪಗ್ರಹದ ಟ್ಯೂನರ್ ಒಳಗೇ ಕುಳಿತಿದೆ. ಸೆಟ್‌ಟಾಪ್ ಬಾಕ್ಸ್ ಕೂಡ ಬೇಡ. ಮಾಡಿನ ಮೇಲೊಂದು ಡಿಶ್, ಅಲ್ಲಿಂದ ಒಂದು ಕೇಬಲ್, ಇಲ್ಲಿ ತಿರುಗಿಸಿ ಕೂರಿಸಿದರೆ ದೂರದರ್ಶನದ ಪುಕ್ಕಟೆ ಉಪಗ್ರಹ ಸೇವೆ ಡಿಡಿ ಫ್ರೀ ಡಿಶ್ ಬರುತ್ತದೆ. ಇಂಥ ಟಿ.ವಿ.ಗಳಿಗೆಂದೇ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಮಾನದಂಡ ರೂಪಿಸಿದೆ. ಅದನ್ನು ಮಾರುವ ಹುಡುಗನಿಗೆ ಗೊತ್ತಿಲ್ಲ. ಅಥವಾ ಗೊತ್ತಿದೆ. ಯಾವುದು ಹೆಚ್ಚು ಬೇಸರದ ವಿಷಯ, ನೀವೇ ಹೇಳಿ.

ದೂರವಾಣಿ ಇಲಾಖೆಯಲ್ಲಿ ಕಂಬ ಹತ್ತಿಯೇ ಮುದುಕನಾದವನಿಗೆ ಇದು ಹೊಟ್ಟೆಯುರಿಯ ಸಂಗತಿ. ಈ ಸೇವೆ ನಿನ್ನೆ ಮೊನ್ನೆಯದಲ್ಲ. 2004ರ ಡಿಸೆಂಬರ್‌ನಲ್ಲಿ 33 ವಾಹಿನಿಗಳೊಂದಿಗೆ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾಯಿತು. ಇವತ್ತು ದೇಶದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಮನೆಗಳಲ್ಲಿ ಇದೆ ಎಂಬ ಅಂದಾಜಿದೆ. ಊರೂರಿನ ಮರುಪ್ರಸಾರ ಕೇಂದ್ರಗಳನ್ನು ಹೆಚ್ಚುಕಡಿಮೆ ಎಲ್ಲ ಕಡೆ ಮುಚ್ಚಿಯಾಯಿತು. ಮೀನಿನ ಮುಳ್ಳಿನಂಥ ಆ ಹಳೆಯ ಆಂಟೆನಾಕ್ಕೆ ಈಗ ಏನೂ ಸಿಗುವುದಿಲ್ಲ. ಆದ್ದರಿಂದ ದುಡ್ಡು ಕಟ್ಟದೆ ಟಿ.ವಿ. ನೋಡಬೇಕೆನ್ನುವವರಿಗೆ ಹಳ್ಳಿಯಲ್ಲಿ ಉಳಿದಿರುವ ದಾರಿ ಇದೊಂದೇ. ಆ ದಾರಿಯ ಹೆಸರನ್ನೇ ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ.

ಏಕೆ ಎತ್ತಬೇಕು? ಮಾಸಿಕ ಪ್ಯಾಕ್ ಮಾರಿದರೆ ಕಮಿಷನ್ ಇದೆ. ಇಂಟರ್ನೆಟ್ ಸಂಪರ್ಕ ಮಾರಿದರೆ ಕಮಿಷನ್ ಇದೆ. "ಅಜ್ಜಿ, ನಿಮ್ಮ ಮಾಡಿನ ಮೇಲೆ ಈಗಾಗಲೇ ಇರುವ ಡಿಶ್ಶನ್ನೇ ಸ್ವಲ್ಪ ತಿರುಗಿಸಿಕೊಳ್ಳಿ" ಎಂದರೆ ಏನಿದೆ? ಒಂದು ಲೋಟ ಕಾಫಿ.

ಅತ್ತೆಯ ಮಾಡಿನ ಮೇಲೆ ಡಿಶ್ ಇರುವುದು ನಿಜ. ಯಾವುದೋ ಕಂಪನಿಯದು, ರೀಚಾರ್ಜ್ ನಿಲ್ಲಿಸಿದ ಮೇಲೆ ಕಾಗೆ ಕೂರುವುದಕ್ಕೆ ಬಳಕೆಯಾಗುತ್ತಿತ್ತು. ಅದು ನೋಡುತ್ತಿದ್ದುದು 83 ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ಉಪಗ್ರಹವನ್ನು. ಫ್ರೀ ಡಿಶ್ ಬರುವುದು 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15ರಿಂದ. 2015ರ ನವೆಂಬರ್‌ನಲ್ಲಿ ಹಾರಿಬಿಟ್ಟದ್ದು. ನಮ್ಮ ಸಾಗರದಿಂದ ನೋಡಿದರೆ ಅದು ಆಗ್ನೇಯಕ್ಕೆ, ನೆಲದಿಂದ ಸುಮಾರು 63 ಡಿಗ್ರಿ ಎತ್ತರದಲ್ಲಿದೆ. ಹಳೆಯ ಡಿಶ್ಶನ್ನು ಪೂರ್ವದ ಕಡೆಗೆ ತಿರುಗಿಸಿ, ಸ್ವಲ್ಪ ಕೆಳಕ್ಕೆ ಬಾಗಿಸಬೇಕು, ಅಷ್ಟೆ. ತಟ್ಟೆ ಅಷ್ಟು ಮೇಲೆ ನೋಡುತ್ತಿಲ್ಲವಲ್ಲ ಎಂದು ಗಾಬರಿಯಾಗಬೇಡಿ. ಇವೆಲ್ಲ ಆಫ್‌ಸೆಟ್ ಡಿಶ್‌ಗಳು. ಕಣ್ಣಿಗೆ ಕಾಣುವುದಕ್ಕಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲಕ್ಕೇ ಅವುಗಳ ನೋಟ. ಆಗ್ನೇಯಕ್ಕೆ ಹಲಸಿನ ಮರವೋ ತೆಂಗಿನ ಗರಿಯೋ ಅಡ್ಡ ಬಂದರೆ ಮಾತ್ರ ಕಷ್ಟ.

ಮಿಕ್ಕದ್ದು ಟಿ.ವಿ.ಯಲ್ಲೇ ಇದೆ. ಮೆನುವಿನಲ್ಲಿ ಆಂಟೆನಾದ ಬದಲು ಸ್ಯಾಟಲೈಟ್ ಆರಿಸಿ. ಡಿಶ್ಶಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಪುಟ್ಟ ಸಾಧನವೇ ಎಲ್‌ಎನ್‌ಬಿ. ಎಲ್‌ಎನ್‌ಬಿಗೆ ಕರೆಂಟು ಅದೇ ಕೇಬಲ್ಲಿನಲ್ಲಿ ಹೋಗಬೇಕು, ಆ ಆಯ್ಕೆ ಬಂದ್ ಆಗಿದ್ದರೆ ಡಿಶ್ಶನ್ನು ಎಷ್ಟು ತಿರುಗಿಸಿದರೂ ಸಿಗ್ನಲ್ ಕಡ್ಡಿ ಮೇಲೇಳುವುದಿಲ್ಲ. ಎಲ್‌ಎನ್‌ಬಿಯ ಬಗೆ ಯೂನಿವರ್ಸಲ್, ಮೆನುವಿನಲ್ಲಿ ಅದು 9750 ಮತ್ತು 10600 ಎಂಬ ಅಂಕಿಗಳಾಗಿ ಕಾಣುತ್ತದೆ. ಉಪಗ್ರಹಗಳ ಪಟ್ಟಿಯಲ್ಲಿ 93.5 ಎಂದಿರುವುದನ್ನು ಆರಿಸಿ, ಕೆಲವು ಟಿ.ವಿ.ಗಳಲ್ಲಿ ಇನ್ನೂ ಹಳೆಯ ಇನ್ಸಾಟ್‌ನ ಹೆಸರೇ ಇರುತ್ತದೆ. ಹುಡುಕು ಎಂದರೆ ಹುಡುಕುತ್ತದೆ. ಎಲ್ಲ ಟಿ.ವಿ.ಗಳಲ್ಲೂ ಈ ಟ್ಯೂನರ್ ಇರುವುದಿಲ್ಲ, ಕೊಳ್ಳುವ ಮೊದಲು ಬೆನ್ನು ನೋಡಿ. ಇಲ್ಲದಿದ್ದರೆ ಒಂದು ಬಾಕ್ಸ್ ತನ್ನಿ, ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು. ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ಪದ್ಧತಿ ಎಂಪೆಗ್-4, ಅದು ಇರುವುದನ್ನೇ ತನ್ನಿ; ಎಂಪೆಗ್-2 ಮಾತ್ರ ಓದಬಲ್ಲ ಹಳೆಯದರಲ್ಲಿ ಅನೇಕ ವಾಹಿನಿಗಳು ಸಿಗುವುದಿಲ್ಲ.

ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಟಿ.ವಿ.ಯ ಪೆಟ್ಟಿಗೆಯೊಳಗೆ ಹಾಕಬಹುದಿತ್ತು. ನೂರು ಪುಟದ ಕೈಪಿಡಿ ಹಾಕುತ್ತಾರೆ, ಗೋಡೆಗೆ ಮೊಳೆ ಹೊಡೆಯುವ ಚಿತ್ರ ಹಾಕುತ್ತಾರೆ, ಇದೊಂದನ್ನು ಹಾಕುವುದಿಲ್ಲ.

ಸೋದರಳಿಯ ಈ ಬರಹ ಓದಿದ ಕೂಡಲೇ ಕೆಳಗೆ ಪ್ರತಿಕ್ರಿಯೆ ಬರೆಯುತ್ತಾನೆ: "ಮಾವ, ಈಗ ಎಲ್ಲ ಮೊಬೈಲಿನಲ್ಲೇ ಇದೆ, ಡಿಶ್ ಯಾರಿಗೆ ಬೇಕು?" ಬೆಂಗಳೂರಿನ ಹನ್ನೊಂದನೆಯ ಮಹಡಿಯಲ್ಲಿ ಕುಳಿತವನಿಗೆ ಎಲ್ಲವೂ ಮೊಬೈಲಿನಲ್ಲಿದೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆ ಮಲೆನಾಡಿನ ಮಕ್ಕಳು ನೆಟ್‌ವರ್ಕ್ ಹುಡುಕುತ್ತಾ ಗುಡ್ಡ ಹತ್ತಿದ್ದನ್ನು ಪತ್ರಿಕೆಗಳೆಲ್ಲ ಬರೆದವು. ಎಪ್ಪತ್ತೆಂಟರ ಅತ್ತೆಯನ್ನೂ ವಾರ್ತೆ ನೋಡಲು ಗುಡ್ಡ ಹತ್ತಿಸೋಣವೇ? ಜಡಿಮಳೆಯಲ್ಲಿ ಡಿಶ್ ಕೂಡ ಕೈಕೊಡುತ್ತದೆ ಎಂಬುದು ಅವನ ಎರಡನೆಯ ಬಾಣ. ಕೊಡುತ್ತದೆ. ಡಿಶ್ಶಿಗೆ ಬರುವ ಕು ಬ್ಯಾಂಡಿನ ಅಲೆಗಳಿಗೆ ಮಳೆಹನಿ ಅಡ್ಡಿ, ದುಡ್ಡು ಕಟ್ಟಿದ ಡಿಶ್ಶಿಗೂ ಅದೇ ಗತಿ. ದುಡ್ಡು ಕಟ್ಟಿದವನ ಮನೆಯ ಮೇಲೆ ಮಳೆ ಮೆಲ್ಲಗೆ ಸುರಿಯುತ್ತದೆ ಎಂದು ನಾನಂತೂ ಕೇಳಿಲ್ಲ.

ದುಡ್ಡಿನ ಮಾತು ಬಂತಲ್ಲ, 2019ರ ಹೊಸ ದರಪದ್ಧತಿ ನೆನಪಿದೆಯೇ? ಉಚಿತ ವಾಹಿನಿಗಳನ್ನೇ ನೋಡುತ್ತೇನೆ ಎಂದರೂ ಅವು ಮನೆಗೆ ಬರುವ ದಾರಿಗೆ ಆಗ ತಿಂಗಳಿಗೆ 130 ರೂಪಾಯಿಯವರೆಗೆ, ತೆರಿಗೆ ಸೇರಿ 153 ರೂಪಾಯಿ 40 ಪೈಸೆಯವರೆಗೆ ಕಟ್ಟಬೇಕಿತ್ತು. ಅದೇ ದೂರದರ್ಶನ, ಅದೇ ವಾರ್ತೆ. ಆಕಾಶದಿಂದ ಪುಕ್ಕಟೆ ಇಳಿಯುತ್ತಿರುವುದಕ್ಕೆ ತಿಂಗಳ ಬಾಡಿಗೆ.

ಇನ್ನೊಂದಿದೆ, ಇದನ್ನು ಹೇಳದೆ ಹೋದರೆ ನನಗೆ ನಿದ್ದೆ ಬರುವುದಿಲ್ಲ. 2007ರ ಕಾಯ್ದೆಯ ಪ್ರಕಾರ ಭಾರತ ಆಡುವ ಏಕದಿನ ಪಂದ್ಯಗಳ ಪ್ರಸಾರವನ್ನು ಖಾಸಗಿಯವರು ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕು. ಆದರೆ ಆ ಪ್ರಸಾರ ದೂರದರ್ಶನದ ಸ್ವಂತ ಜಾಲದಲ್ಲಿ ಮಾತ್ರ ಇರಬೇಕು, ಕೇಬಲ್ಲಿಗೂ ಖಾಸಗಿ ಡಿಶ್ಶಿಗೂ ಹೋಗಕೂಡದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಫಲವೇನು? ಭಾರತದ ಪಂದ್ಯ ಡಿಡಿ ಸ್ಪೋರ್ಟ್ಸ್‌ಗೆ ಬಂದ ದಿನ ತಿಂಗಳ ದುಡ್ಡು ಕಟ್ಟಿದವರಿಗೆ ಅದೇ ವಾಹಿನಿಯಲ್ಲಿ ಅದು ಕಾಣುವುದಿಲ್ಲ, ಪುಕ್ಕಟೆಯವರಿಗೆ ಕಾಣುತ್ತದೆ! ಜೀವಮಾನದಲ್ಲಿ ಒಮ್ಮೆಯಾದರೂ ಬಡವನ ಕಡೆಗೆ ವಾಲಿದ ತಕ್ಕಡಿ ಇದು. ಕ್ರಿಕೆಟ್ ಇಲ್ಲದಿದ್ದರೆ ನಾನೂ ಇಷ್ಟು ಕೂಗಾಡುತ್ತಿರಲಿಲ್ಲ ಎಂದು ನನ್ನ ಹೆಂಡತಿ ಹಿಂದಿನಿಂದ ಓದಿ ಹೇಳುತ್ತಿದ್ದಾಳೆ. ಇರಬಹುದು.

ಕನ್ನಡ ಎಷ್ಟಿದೆ ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ, ಇದಕ್ಕೆ ಮಾತ್ರ ನನ್ನ ಧ್ವನಿ ಇಳಿಯುತ್ತದೆ. ಚಂದನ ಇದೆ. ಮಿಕ್ಕಂತೆ ಪಟ್ಟಿಯನ್ನು ಉರುಳಿಸುತ್ತಾ ಹೋದರೆ ಹಿಂದಿ ಚಿತ್ರ, ಹಿಂದಿ ವಾರ್ತೆ, ಭೋಜಪುರಿ ಹಾಡು, ಮತ್ತೆ ಹಿಂದಿ. ಖಾಸಗಿ ವಾಹಿನಿಗಳಿಗೆ ಅಲ್ಲಿನ ಜಾಗ ಸಿಗುವುದು ಹರಾಜಿನಲ್ಲಿ, ಪ್ರಸಾರ ಭಾರತಿಗೆ ಅದರಿಂದ ನೂರಾರು ಕೋಟಿ ಬರುತ್ತದೆ. ದೊಡ್ಡ ಮಾರುಕಟ್ಟೆಯವರು ದೊಡ್ಡದಾಗಿ ಕೂಗುತ್ತಾರೆ. ಆದರೆ ಇದನ್ನೇ ನೆಪ ಮಾಡಿಕೊಂಡು "ಅದರಲ್ಲೇನಿದೆ ಬಿಡಿ" ಎನ್ನುವ ಅಂಗಡಿಯವರನ್ನು ನಾನು ಒಪ್ಪುವುದಿಲ್ಲ. ಹಳ್ಳಿಗಳ ಮಾಡಿನ ಮೇಲೆ ಫ್ರೀ ಡಿಶ್ ಇಲ್ಲದಿದ್ದರೆ ಯಾವ ಕನ್ನಡ ವಾಹಿನಿಯವನು ಹರಾಜಿಗೆ ಹೋಗಿ ಜಾಗ ಹಿಡಿಯುತ್ತಾನೆ? ನೋಡುವವರನ್ನು ನೀವೇ ತಡೆದು, ತೋರಿಸುವವರಿಲ್ಲ ಎಂದರೆ ಹೇಗೆ? ಅಷ್ಟಕ್ಕೂ ಅತ್ತೆಗೆ ಬೇಕಾದದ್ದು ಚಂದನದ ವಾರ್ತೆ ಮತ್ತು 'ಥಟ್ ಅಂತ ಹೇಳಿ'. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗಿ, ಸ್ಪರ್ಧಿಗಳನ್ನು ದಡ್ಡರೆಂದು ಬೈಯುವುದು ಅವರ ಪರಮಸುಖ. ಅದಕ್ಕೆ ತಿಂಗಳ ಪ್ಯಾಕ್ ಏಕೆ?

ಟಿ.ವಿ. ತಂದೆವು, ಬೇರೆ ಅಂಗಡಿಯಿಂದ. ನಾಳೆ ಬೆಳಿಗ್ಗೆ ಡಿಶ್ ತಿರುಗಿಸುವ ಕೆಲಸವಿದೆ. ಸಾಗರ, ಸೊರಬದ ಆಸುಪಾಸಿನಲ್ಲಿ ಯಾರಿಗಾದರೂ ಬೇಕಿದ್ದರೆ ಹೇಳಿ, ಬಂದು ಕೂರಿಸಿಕೊಡುತ್ತೇನೆ. ಕಾಫಿಗೆ ಸಕ್ಕರೆ ಬೇಡ. ಜೂನ್ ಬರುವ ಮೊದಲೇ ಹೇಳಿ, ಪಾಚಿ ಕಟ್ಟಿದ ಹೆಂಚಿನ ಮೇಲೆ ಕಾಲಿಡಲು ನನ್ನ ಮಂಡಿಗಳು ಈಗ ಒಪ್ಪುವುದಿಲ್ಲ.