500ರ ಗೆರೆ, ಅವ್ವನ ಹೀಟರ್

ತಮಿಳುನಾಡು ಅಂದ್ರೆ ಬರೀ ಸೆಕೆ ಅನ್ನೋರು ಡಿಸೆಂಬರಿನಲ್ಲಿ ಕರ್ನಾಟಕದ ಗಡಿಗೆ ಅಂಟಿಕೊಂಡ ನಮ್ಮ ತಾಳವಾಡಿಗೆ ಬರಬೇಕು. ಹೆಂಚಿನ ಸಂದಿಯಿಂದ ಚಳಿ ಸೀದಾ ಹಾಸಿಗೆಗೇ ಇಳಿಯುತ್ತದೆ. ಎರಡು ಕಂಬಳಿ ಹೊದ್ದರೂ ಅವ್ವನದು ಒಂದೇ ರಾಗ: "ಕಾಲು ಮರಗಟ್ಟೋಗದ ಕಣ್ ಮಗ."

ಸರಿ, ಹೀಟರ್ ತಂದೆ. 2000 ವ್ಯಾಟ್. ರಾತ್ರಿ ಎರಡು ಗಂಟೆ ಉರಿಸಿದರೆ 4 ಯೂನಿಟ್, ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿಗೆ 240. ಗೀಸರ್ ದಿನಕ್ಕೆ ಒಂದು ಗಂಟೆ ಅಂದ್ರೂ ಇನ್ನೊಂದು 120. ಸರ್ಕಾರ ಉಚಿತ ಕೊಡುವ 100 ಯೂನಿಟ್ ಬಚ್ಚಲಲ್ಲೇ ಹರಿದುಹೋಯ್ತು!

ಅದಾದರೂ ಹೋಗಲಿ. ನನ್ನ ಹೊಟ್ಟೆ ಉರಿಸುವುದು ಆ 500 ಯೂನಿಟ್ಟಿನ ಗೆರೆ. ಎರಡು ತಿಂಗಳಲ್ಲಿ ಒಂದೇ ಒಂದು ಯೂನಿಟ್ ದಾಟಿದರೂ ಸಾಕು, 101ರಿಂದ 200ರವರೆಗೆ ಕಮ್ಮಿ ದರದಲ್ಲಿ ಸಿಕ್ಕಿದ್ದಕ್ಕೂ ಜಾಸ್ತಿ ದರ ಬೀಳುತ್ತದೆ. ತಿಂದು ಕೈ ತೊಳೆದ ಮೇಲೆ ಊಟದ ರೇಟು ಏರಿಸಿದ ಹಾಗೆ. ಚಾಮರಾಜನಗರದ ಅಕ್ಕ ಬೇರೆ ಫೋನಿನಲ್ಲಿ "ನಮ್ಗೆ ಗೃಹಜ್ಯೋತಿ, ಜೀರೋ ಬಿಲ್ಲು" ಅಂತ ನಗುತ್ತಾಳೆ. ಜೀರೋ ಬಿಲ್ಲು ಗಡಿಯ ಆ ಕಡೆ, ಚಳಿ ಮಾತ್ರ ಎರಡೂ ಕಡೆ.

ಅವ್ವ ಅಗ್ಗಿಷ್ಟಿಕೆ ಇಡು ಅಂತಾಳೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ವಿಷದ ಗಾಳಿ ತುಂಬುತ್ತದೆ, ಬಾಗಿಲು ತೆರೆದರೆ ಚಳಿ. ಏನು ಮಾಡೋದು ಹೇಳಿ?

ನಿನ್ನೆ ರಾತ್ರಿ ಮಫ್ಲರ್ ಸುತ್ತಿಕೊಂಡು, ಟಾರ್ಚ್ ಹಿಡಿದು ಮೀಟರ್ ನೋಡಿ ಬಂದೆ. ಹೋದ ಸಲದ್ದು ಕಳೆದರೆ 487. ರೀಡಿಂಗ್ ತೆಗೆಯೋಕೆ ಬರುವುದು ಇನ್ನೂ ಆರು ದಿನಕ್ಕೆ. ಒಳಗೆ ಬಂದರೆ ಹೀಟರ್ ಕೆಂಪಗೆ ಉರೀತಿದೆ, ಅವ್ವ ಗೊರಕೆ ಹೊಡೀತಿದ್ದಾಳೆ.