ಬಂಗುಡೆಗೆ ಅವಸರ, ಕಲ್ಲಿದ್ದಲಿಗೆ ಏನು ಅವಸರ?

ಮೊನ್ನೆ ಗಂಗೊಳ್ಳಿಗೆ ಹೋದಾಗ ಮಾವನಿಗೆ ಒಂದು ವಿಡಿಯೊ ತೋರಿಸಿದೆ. ಜಪಾನಿನ ಕೆನಿಚಿ ಹೋರಿಯೆ ಎಂಬ ನಾವಿಕನದು. 2008ರಲ್ಲಿ, 69ನೇ ವಯಸ್ಸಿನಲ್ಲಿ, ಈ ಪುಣ್ಯಾತ್ಮ ಒಬ್ಬನೇ ಹವಾಯಿಯಿಂದ ಜಪಾನಿಗೆ ಬಂದ. ಸುಮಾರು 7,000 ಕಿಲೋಮೀಟರ್. ಇಂಜಿನ್ನೂ ಹಾಯಿಯೂ ಇದ್ದವು, ಆದರೆ ಆಪತ್ತಿಗೆ ಮಾತ್ರ. ದೋಣಿ ನೂಕಿದ್ದು ಅಲೆ.

ದೋಣಿಯ ಮುಂತುದಿಯ ಕೆಳಗೆ, ನೀರೊಳಗೆ, ಅಕ್ಕಪಕ್ಕ ಎರಡು ರೆಕ್ಕೆ. ಅಲೆ ದೋಣಿಯನ್ನು ಎತ್ತಿದಾಗ ರೆಕ್ಕೆ ಒಂದು ಕಡೆ ವಾಲುತ್ತದೆ, ಇಳಿಸಿದಾಗ ಇನ್ನೊಂದು ಕಡೆ. ಎರಡು ಸಲವೂ ನೀರನ್ನು ಹಿಂದಕ್ಕೇ ತಳ್ಳುತ್ತದೆ, ಡಾಲ್ಫಿನ್ ಬಾಲ ಬಡಿದ ಹಾಗೆ. ಅಲೆ ಎದುರಿಗೆ ಬಂದರೂ ದೋಣಿ ಮುಂದಕ್ಕೇ ಹೋಗುತ್ತದೆ!

ಎಷ್ಟು ದಿನ ಹಿಡಿಯಿತು ಅಂತ ಮಾವ ಕೇಳಿದರು. 110 ದಿನ ಅಂದೆ.

"ಅಷ್ಟೊತ್ತಿಗೆ ಬಂಗುಡಿ ಕೊಳ್ತ್ ಹೋತಿಲ್ಯಾ ಮರಾಯಾ?"

ಅಲ್ವಾ! ಮೀನುಗಾರರು ಮತ್ತೆ ಹಾಯಿ ಕಟ್ಟಲಿ ಅಂತ ಇಲ್ಲಿ ಕೂತು ಬರೆಯುವ ನಮ್ಮಂಥವರು ಈ ಬಂಗುಡೆಯನ್ನು ಮರೆತೇಬಿಡುತ್ತೇವೆ. ಬೆಳಗಿನ ಜಾವ ನೆಲದ ಕಡೆಯಿಂದ ಬೀಸುವ ಗಾಳಿಗೆ ಹೊರಟು, ಮಧ್ಯಾಹ್ನ ಕಡಲಗಾಳಿಗೆ ದಡ ಸೇರುತ್ತಿದ್ದ ಕಾಲ ಕೇಳಲು ಚೆಂದ. ಗಾಳಿ ನಿಂತ ದಿನ ಹುಟ್ಟು ಹಾಕಿದವರ ತೋಳನ್ನು ಕೇಳಬೇಕು. ದೋಣಿಯ ಇಂಜಿನ್ನಿಗೆ ಸುರಿಯುವ ಸೀಮೆಎಣ್ಣೆಯ ಖರ್ಚು ಸುಮ್ನೆ ಯಾರೂ ಮೈಮೇಲೆ ಎಳೆದುಕೊಂಡಿಲ್ಲ.

ಗಾಳಿಯ ಪಾಠ ಮೊದಲು ಹೇಳಬೇಕಾದದ್ದು ದೊಡ್ಡ ಹಡಗುಗಳಿಗೆ ಅನ್ನುವುದು ನನ್ನ ವಾದ. ಮಂಗಳೂರು ಬಂದರಿನ ಪಕ್ಕದ ಪಣಂಬೂರು ಬೀಚಿನಲ್ಲಿ ನಿಂತು ನೋಡಿ, ದೂರದಲ್ಲಿ ಹಡಗುಗಳು ಲಂಗರು ಹಾಕಿ ಸರದಿ ಕಾಯುತ್ತಿರುತ್ತವೆ. ಎಣ್ಣೆ ಸುರಿದುಕೊಂಡು ಓಡಿ ಬಂದು ಕಡೆಗೆ ಬಾಗಿಲಲ್ಲಿ ಕಾಯುವುದು! ಕಲ್ಲಿದ್ದಲು ಎರಡು ದಿನ ತಡವಾಗಿ ಬಂದರೆ ಕೊಳೆಯುತ್ತದೆಯೇ?

ಇದೇನು ಹೊಸ ಯೋಚನೆಯೂ ಅಲ್ಲ. 1924ರಲ್ಲೇ ಜರ್ಮನಿಯ ಆಂಟನ್ ಫ್ಲೆಟ್ನರ್ 'ಬುಕಾವು' ಹಡಗಿನ ಮೇಲೆ ತಿರುಗುವ ಎರಡು ಎತ್ತರದ ಕಂಬ ನಿಲ್ಲಿಸಿದ್ದ. ಸ್ಪಿನ್ನರ್ ಎಸೆದ ಚೆಂಡು ಗಾಳಿಯಲ್ಲೇ ಪಕ್ಕಕ್ಕೆ ಸರಿಯುತ್ತದಲ್ಲ, ಅದೇ ತಂತ್ರ. ಪಕ್ಕದಿಂದ ಗಾಳಿ ಬೀಸಿದರೆ ತಿರುಗುವ ಕಂಬ ಹಡಗನ್ನು ಮುಂದಕ್ಕೆ ಎಳೆಯುತ್ತದೆ. ಎರಡು ವರ್ಷಕ್ಕೆ ಅದು ಅಟ್ಲಾಂಟಿಕ್ ದಾಟಿತು. ಆದರೆ ಆಗ ಎಣ್ಣೆ ಅಗ್ಗ, ಕಂಬ ಯಾರಿಗೆ ಬೇಕು?

2023ರಲ್ಲಿ 'ಪಿಕ್ಸಿಸ್ ಓಷನ್' ಎಂಬ ಸರಕು ಹಡಗಿಗೆ ಹಾಯಿಯಂತೆ ಗಾಳಿ ಹಿಡಿಯುವ, 37.5 ಮೀಟರ್ ಎತ್ತರದ ಎರಡು ಗಟ್ಟಿ ರೆಕ್ಕೆ ಹಾಕಿ ಚೀನಾದಿಂದ ಬ್ರೆಜಿಲ್ ಕಡೆಗೆ ಕಳಿಸಿದರು. ಬಂದರಿನಲ್ಲಿ ರೆಕ್ಕೆ ಮಡಚಿ ಮಲಗಿಸಬಹುದು. ಆರು ತಿಂಗಳ ಓಡಾಟದಲ್ಲಿ ದಿನಕ್ಕೆ ಸರಾಸರಿ 3 ಟನ್ ಇಂಧನ ಉಳಿಯಿತು ಅಂತ ಬಾಡಿಗೆಗೆ ಪಡೆದ ಕಾರ್ಗಿಲ್ ಕಂಪನಿ ಹೇಳಿತು. ಕಂಪನಿಯೇ ಕೊಟ್ಟ ಲೆಕ್ಕ, ಬೇಕಾದರೆ ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ಆದರೂ ಜಾಸ್ತಿಯೇ.

ಇಷ್ಟೆಲ್ಲ ಹೇಳಿದ ಮೇಲೂ ಮಾವನ ಗಮನ ಹೋರಿಯೆಯ ದೋಣಿಯ ಮೇಲೇ ಇತ್ತು. ವಿಡಿಯೊ ಇನ್ನೊಮ್ಮೆ ಹಾಕಿಸಿ, ರೆಕ್ಕೆ ಕಾಣುವಲ್ಲಿ ನಿಲ್ಲಿಸಲು ಹೇಳಿದರು. ಬೆರಳಿಟ್ಟು ಕೇಳಿದರು, "ಇದಕ್ಕೆ ಬಲೆ ಸಿಕ್ಕಿದ್ರೆ ಬಿಡ್ಸುದ್ ಯಾರ್?"